ದೋಣಿ ನೀರಿಗಿಳಿಯುವ ತನಕ

ಜ. 9, ಶುಕ್ರವಾರ, ಸಂಜೆ

ಸ್ಕೂಲು ಬಿಟ್ಟು ಸೀದಾ ಬೋರಣ್ಣನ ಶೆಡ್ಡಿಗೆ. ದೋಣಿ ಎರಡು ಡ್ರಮ್ಮುಗಳ ಮೇಲೆ ಬೋರಲಾಗಿ ಮಲಗಿದೆ, ಹೋದ ವಾರ ಹೇಗಿತ್ತೋ ಹಾಗೆಯೇ. ತಳದ ಬಿರುಕಿನ ಸುತ್ತ ಉಜ್ಜಿದ್ದಾನೆ, ಅಷ್ಟೇ ಕೆಲಸ. ನೀರಿನ ಟ್ಯಾಂಕಿಗೆ, ಲಾರಿ ಬಾನೆಟ್ಟಿಗೆ ಫೈಬರ್ ಹಚ್ಚುವ ಮನುಷ್ಯ. ರಾಯದುರ್ಗದಲ್ಲಿ ಹಾಯಿದೋಣಿ ರಿಪೇರಿಗೆ ಬೇರೆ ಯಾರಿದ್ದಾರೆ?

"ಫೈಬರ್ ಅಂಟಿಸೋ ರೆಸಿನ್ ಬಂದಿಲ್ರಿ ಮೇಡಂ. ಸೋಮವಾರ ಬರ್ತೈತಿ."

"ಹೋದ ಸೋಮವಾರಾನೂ ಇದನ್ನೇ ಹೇಳಿದ್ದೆ."

"ಆಗ್ತೈತ್ರಿ. ಆಗದಂಗ ಏನೈತಿ ಅದ್ರಾಗ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು.

ಭೈರವಾನಿತಿಪ್ಪ ಡ್ಯಾಮ್ ಈ ಸಲ ತುಂಬಿದೆ. 26ಕ್ಕೆ ಕಾಲುವೆಗೆ ಗೇಟ್ ಎತ್ತುತ್ತಾರಂತೆ. ದೋಣಿ ಇಳಿಸಲು ನನಗೆ ಕೊಟ್ಟಿರುವ ಪರ್ಮಿಷನ್ 25ರ ತನಕ. ಆಮೇಲೆ ದಡದಲ್ಲಿ ಬರೀ ಕೆಸರು. ಮತ್ತೆ ತುಂಬುವುದು ಯಾವಾಗಲೋ, ಅಷ್ಟರಲ್ಲಿ ನನ್ನ ಮಂಡಿ ಏನಾಗಿರುತ್ತದೋ. ನಲವತ್ತಾರು ನಡೆಯುತ್ತಿದೆ. ಮಂಗಳೂರಿನಲ್ಲಿ ಎನ್.ಸಿ.ಸಿ. ನೇವಲ್ ವಿಂಗ್‌ನಲ್ಲಿದ್ದಾಗ ದೋಣಿ ನಡೆಸಿದ್ದು. ಆಮೇಲೆ ಇಪ್ಪತ್ತಮೂರು ವರ್ಷ ಪಿ.ಇ. ಟೀಚರ್ ಕೆಲಸ, ಸೀಟಿ ಊದಿದ್ದೇ ಊದಿದ್ದು. ಒಂದು ಸಲ, ಒಬ್ಬಳೇ, ಈ ದಡದಿಂದ ಆ ದಡಕ್ಕೆ ಹೋಗಿ ಬರಬೇಕು. ನವೆಂಬರಿನಲ್ಲಿ ಹೊರಟಿದ್ದೆ. ಗಾಳಿ ತಿರುಗಿ, ಬಂಡೆಗೆ ತಾಗಿ ದೋಣಿ ಬಿರುಕು ಬಿಟ್ಟಿತು, ನಾನು ನೀರಿಗೆ ಬಿದ್ದೆ. ಯಾವನೋ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ.

ಮನೆಗೆ ಬಂದರೆ ಇವರ ಹೊಸ ಸುದ್ದಿ. ನಾಳೆ ಮಡಕಶಿರಾದಿಂದ ಇವರ ಅಕ್ಕ, ಭಾವ ಬರುತ್ತಾರಂತೆ. ಸಂಕ್ರಾಂತಿಗೆ. "ನಾಕು ದಿನ ಅಷ್ಟ. ಜೀನ್ಸ್ ಆರ್ಡರ್ ಬಾಳ ಐತಿ ನನಗ. ಕಾರು ನೀನ ಹೊಡಿ ಶಿವಲೀಲಾ, ನಾಕು ಕಡೆ ತೋರ್ಸು." ಜೀನ್ಸ್ ಯೂನಿಟ್ಟಿನ ಮಾಲೀಕ, ಗಂಡ ಕಲ್ಲೇಶ ಸಾಹುಕಾರರ ಅಪ್ಪಣೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ಜ. 10, ಶನಿವಾರ

ಬಂದರು. ಭುವನೇಶ್ವರಿ ಅಕ್ಕ ಬಸ್ಸಿಳಿಯುವ ಮೊದಲೇ ಮಾತು ಇಳಿಯಿತು. ಸಣ್ಣಬಸಪ್ಪ ಭಾವ ಹುಣಸೆಹಣ್ಣಿನ ವ್ಯಾಪಾರಿ. ಬಂದವರೇ ಸೋಫಾದ ಮೇಲೆ ಕಾಲು ಮಡಚಿ ಕೂತು ತೇಗಿದರು. ಇನ್ನೂ ಏನೂ ತಿಂದಿರಲಿಲ್ಲ.

ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಮಾಡಿದೆ. ಭಾವ ಪೂರ್ತಿ ಉಂಡು, ಕೈ ತೊಳೆದು, ಆಮೇಲೆ ಹೇಳಿದರು: "ಎಲ್ಲಾ ಚೆನ್ನಾಗಿತ್ತು ಕಣಮ್ಮ. ಆದ್ರೂ ಮುದ್ದೆ ಇಲ್ದಿದ್ರೆ ಉಂಡಂಗೇ ಆಗಲ್ಲ ನಮ್ಗೆ." ರಾತ್ರಿಗೆ ರಾಗಿ ಹಿಟ್ಟು ತರಿಸಿ ಮುದ್ದೆ ತೊಳಸಿದೆ. ಭುಜ ನೋವು.

ಅಕ್ಕನ ಮೊದಲ ಪ್ರಶ್ನೆ ಅಡುಗೆಮನೆಯಲ್ಲೇ. "ಎಲ್ಲೇ ನಿನ್ನ ದೋಣಿ? ಕಾಣ್ಸ್ತಿಲ್ವಲ್ಲ."

ರಿಪೇರಿಗೆ ಹೋಗಿದೆ ಎಂದೆ.

"ಯಾವಾಗ ನೀರಿಗಿಳಿಸ್ತೀಯ?"

ಮುಖದಲ್ಲಿ ನಗು. ವಿಡಿಯೋ ನೋಡಿರಬೇಕು. ಮಡಕಶಿರಾಕ್ಕೂ ಮುಟ್ಟಿದೆ ನನ್ನ ಮಾನ.

ಜ. 12, ಸೋಮವಾರ

ಮುರಡಿ ಆಂಜನೇಯ. ಅಲ್ಲಿಂದ ಓಬಳಾಪುರ. ಗಣಿ ಇದ್ದ ಗುಡ್ಡ ನೋಡಬೇಕಂತೆ ಭಾವನಿಗೆ. ಕೆಂಪು ಧೂಳು ಕಾರಿನ ಒಳಗೂ ಹೊರಗೂ. ಭಾವ ಮುಂದಿನ ಸೀಟಿನಲ್ಲಿ, ಗ್ಲಾಸ್ ಇಳಿಸಿ ಎಲೆಅಡಿಕೆ ಉಗುಳುತ್ತಾರೆ, ಗಾಳಿಗೆ ಅರ್ಧ ಹಿಂದಕ್ಕೆ ಬರುತ್ತದೆ. ಹಿಂದೆ ಕೂತ ಅಕ್ಕ ಸೆರಗಿನಿಂದ ಒರೆಸಿಕೊಂಡು ಮಾತು ಮುಂದುವರಿಸುತ್ತಾರೆ. ಮೂವತ್ತು ವರ್ಷದ ದಾಂಪತ್ಯ.

ಅಕ್ಕ ದಾರಿಯುದ್ದಕ್ಕೂ ಕೇಳಿದ್ದು: ದೋಣಿಗೆ ಬ್ರೇಕ್ ಇರುತ್ತಾ? ಗಾಳಿ ನಿಂತರೆ ಏನು ಮಾಡ್ತೀಯ? ಸೀರೆ ಉಟ್ಕೊಂಡು ಕೂರೋಕಾಗುತ್ತಾ? ನನ್ನ ಪ್ಯಾಂಟಿನ ಮೇಲೆ ಕಣ್ಣು, ಅದಕ್ಕೇ ಕೊನೆಯ ಪ್ರಶ್ನೆ. ಹಾರ್ನ್ ಹೊಡೆದೆ.

ಬೋರಣ್ಣನಿಗೆ ಫೋನ್. ರೆಸಿನ್ ಬಂದಿದೆಯಂತೆ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬಂದಿಲ್ಲವಂತೆ.

ಜ. 15, ಗುರುವಾರ. ಸಂಕ್ರಾಂತಿ

ಬುತ್ತಿ ಕಟ್ಟಿಕೊಂಡು ಡ್ಯಾಮಿನ ದಡಕ್ಕೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಭಾವನಿಗೆ ಬೇರೆ ಡಬ್ಬಿಯಲ್ಲಿ ಮುದ್ದೆ. ಇವರೂ ಬಂದಿದ್ದರು, ಫೋನಿನಲ್ಲೇ ಮುಳುಗಿ.

ನೀರು ತುಂಬಿ ನಿಂತಿತ್ತು. ಮೂಡಗಾಳಿ, ಹದವಾದದ್ದು. ಹೋಳಿಗೆ ಕೈಯಲ್ಲಿ ಹಿಡಿದುಕೊಂಡು ಗಾಳಿಯ ಲೆಕ್ಕ ಹಾಕುತ್ತಾ ನಿಂತೆ. ಇಲ್ಲಿಂದ ಹೊರಟು ಹಾಯಿ ಎಡಕ್ಕೆ, ಆ ಕಲ್ಲುಕಟ್ಟೆಯ ಹತ್ತಿರ ತಿರುಗಿಸಿ ಬಲಕ್ಕೆ... ಅಳು ಬಂತು. ನುಂಗಿದೆ.

ಭಾವ ಫೋನಿನಲ್ಲಿ ನವೆಂಬರಿನ ಆ ವಿಡಿಯೋ ತೆಗೆದು ತೋರಿಸಿದರು. "ನಮ್ಮೂರ ಗ್ರೂಪಿಗೂ ಬಂದಿತ್ತು ಕಣಮ್ಮ. ದಬಾರ್ ಅಂತ ಬಿದ್ದೆಯಲ್ಲ!" ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಇವರ ಮುಖ ಕಪ್ಪಾಯಿತು. ಎದ್ದು ಕಾರಿನ ಕಡೆ ಹೋದರು.

"ಬಿದ್ದೋಳು ಮತ್ತೆ ಎದ್ದು ಹತ್ತಿದ್ಲಲ್ಲ, ಅದು ತೋರ್ಸಿ," ಎಂದರು ಅಕ್ಕ. ಯಾವ ಅರ್ಥದಲ್ಲೋ. ಅವರ ಮಾತಿನಲ್ಲಿ ಯಾವಾಗಲೂ ಒಂದು ಮುಳ್ಳು ಇರುತ್ತದೆ. ಮದುವೆಯಾದ ವರ್ಷ ನನ್ನ ರೊಟ್ಟಿ ನೋಡಿ "ಪರವಾಗಿಲ್ಲ, ದನ ತಿಂತಾವೆ" ಅಂದವರು.

ಜ. 17, ಶನಿವಾರ

ಇಂದು ಹೊರಡುತ್ತಾರೆ ಎಂದುಕೊಂಡಿದ್ದೆ. ನಿನ್ನೆ ಶುಕ್ರವಾರ, ಹೆಣ್ಣುಮಗಳನ್ನು ಕಳಿಸಬಾರದು, ಸರಿ. ಅದಕ್ಕೂ ಮುಂಚೆ ಹಬ್ಬ. ಅದಕ್ಕೂ ಮುಂಚೆ ಮಂಗಳವಾರ. ನಾಳೆ ಭಾನುವಾರ ಬಂದ ಒಂಬತ್ತನೇ ದಿನ, ಜೊತೆಗೆ ಅಮಾವಾಸ್ಯೆ. ಹಾಗಾಗಿ ಇವತ್ತೇ ಎಂದು ನಾನು ಮೊದಲೇ ಕಾರು ತೊಳೆಸಿ ಇಟ್ಟಿದ್ದೆ.

ಬೆಳಿಗ್ಗೆ ಅಕ್ಕ ಬಂದು, "ಕಾರು ತಗೀತೀಯೇನೆ? ಮಡಕಶಿರಾಕ್ಕೆ ಹೋಗಾನ" ಅಂದರು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ನೋಡಿದರೆ ಬ್ಯಾಗು ಇಲ್ಲ. ಭಾವನ ಮಾತ್ರೆ ಮುಗಿದಿವೆಯಂತೆ, ಅಕ್ಕನಿಗೆ ಸ್ವೆಟರ್ ಬೇಕಂತೆ, ತಗೊಂಡು ವಾಪಸ್ ಬಂದುಬಿಡಾನ ಅಂತೆ!

ಮೂರು ತಾಸು ಹೋಗಲು. ಕಲ್ಯಾಣದುರ್ಗ ದಾಟಿದ ಮೇಲೆ ರಸ್ತೆಯಲ್ಲ, ಹಪ್ಪಳ. ಅವರ ಮನೆ ಬಾಗಿಲು ತೆಗೆದರು, ಮಾತ್ರೆ ತಗೊಂಡರು, ಸ್ವೆಟರ್ ತಗೊಂಡರು, ಬೀಗ ಹಾಕಿದರು. ತಮ್ಮ ಸ್ವಂತ ಮನೆಯ ಜಗಲಿ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡರು, ಪ್ರವಾಸಕ್ಕೆ ಬಂದವರ ಹಾಗೆ. ಮತ್ತೆ ಮೂರು ತಾಸು ವಾಪಸ್. "ಇಲ್ಲೇ ಉಳ್ಕೊಳ್ಳಿ ಅಕ್ಕ, ಹೇಗೂ ಬಂದಿದ್ದೀರಿ" ಅಂದೆ. ಬಾಯಿ ಬಿಟ್ಟು ಅಂದೆ. "ತವರಿಂದ ಹೊರಟಿದ್ದಲ್ಲ ಕಣೆ ಇದು. ಉಡಿ ತುಂಬಿಲ್ಲ, ಕುಂಕುಮ ಇಟ್ಟಿಲ್ಲ. ಹಂಗೆಲ್ಲ ಹೊರಟ್ರೆ ತಮ್ಮನ ಮನೆಗೆ ಒಳ್ಳೇದಾಗಲ್ಲ."

ಭಾವ ಗೊರಕೆ. ನನಗೆ ನಗುವೂ ಬರುತ್ತಿತ್ತು, ಸ್ಟೇರಿಂಗ್ ಕಿತ್ತು ಯಾರ ತಲೆಗಾದರೂ ಹೊಡೆಯೋಣ ಎಂದೂ ಅನಿಸುತ್ತಿತ್ತು.

ಜ. 19, ಸೋಮವಾರ

ರಜೆ ಮುಗಿದು ಸ್ಕೂಲು ಶುರು. ಇವರು: "ಈ ವಾರ ಪೂರ್ತಿ ಸಿ.ಎಲ್. ರಜಾ ಹಾಕು. ಅಕ್ಕಗ ಬೇಜಾರಾಗಬಾರ್ದು." ನನಗೆ? ಕೇಳಲಿಲ್ಲ. ಹಾಕಿದೆ.

ಬೋರಣ್ಣ: "ಬುಧವಾರ ಪಕ್ಕಾ ರೀ."

ಹಾಯಿ ಮಾತ್ರ ರೆಡಿ. ಹರಿದಿದ್ದ ಅಂಚನ್ನು ಇವರ ಯೂನಿಟ್ಟಿನ ಟೈಲರ್ ಓಬಯ್ಯ ಜೀನ್ಸ್ ದಾರದಲ್ಲಿ ಎರಡು ಸಾಲು ಹೊಲಿದುಕೊಟ್ಟಿದ್ದಾನೆ. ಕಂದು ದಾರ, ಬಿಳಿ ಬಟ್ಟೆ. ಮಂಚದ ಕೆಳಗೆ ಸುತ್ತಿ ಇಟ್ಟಿದ್ದೇನೆ. ಅಕ್ಕ ಅದನ್ನು ಎಳೆದು ನೋಡಿ, "ಎಷ್ಟು ದೊಡ್ಡದೇ ಇದು, ಶಾಮಿಯಾನ ಇದ್ದಂಗೈತೆ" ಅಂದರು. ಮತ್ತೆ ಅದೇ ಪ್ರಶ್ನೆ. "25ಕ್ಕೇ ತಾನೆ?"

ನನ್ನ ತಾರೀಕು ಅಕ್ಕನಿಗೆ ಯಾಕೆ ಬಾಯಿಪಾಠ?

ಜ. 22, ಗುರುವಾರ

ಬಳ್ಳಾರಿ ಕೋಟೆ. ಮೆಟ್ಟಿಲಿಗೊಂದು ಉಸ್ಸಪ್ಪ. ಭಾವ ಅರ್ಧಕ್ಕೇ ಕೂತರು. ಅಕ್ಕ ಹತ್ತಿದರು, ನನ್ನ ತೋಳು ಹಿಡಿದುಕೊಂಡು, ಪೂರ್ತಿ ಭಾರ ಹಾಕಿ.

ಬೋರಣ್ಣ ಫೋನ್ ಎತ್ತುತ್ತಿಲ್ಲ. ಹದಿನಾರು ಸಲ. ವಾಪಸ್ ಬರುವಾಗ ಶೆಡ್ಡಿನ ಮುಂದೆ ನಿಲ್ಲಿಸಿದೆ. ಶಟರ್ ಮುಚ್ಚಿತ್ತು. ಕಾರಿನಲ್ಲಿ ಅಕ್ಕ, "ಯಾಕೆ, ಆಗಿಲ್ವಾ ಇನ್ನೂ?" ಎಂದರು. ಎರಡು ಸಲ ಕೇಳಿದರು. ಮೂರನೇ ಸಲ ಕೇಳಿದ್ದರೆ ಇಳಿಸಿಬಿಡುತ್ತಿದ್ದೆ.

ಮೂರು ದಿನ ಉಳಿದಿದೆ. ಫೈಬರ್ ಹಚ್ಚಿ ಒಣಗಲು ಒಂದು ದಿನ. ಇನ್ನೂ ಆಗುತ್ತದೆ. ಆಗಲೇಬೇಕು.

ಜ. 24, ಶನಿವಾರ, ಮಧ್ಯಾಹ್ನ 3

ಬೋರಣ್ಣನ ಮನೆ ಹುಡುಕಿ ಹೋದೆ. ಹೆಂಡತಿ ನರಸಮ್ಮ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ದೋಣಿನ ಏನ್ರಿ? ಅದನ್ನ ಸಾಹುಕಾರ್ರ ವಾಷಿಂಗ್ ಯೂನಿಟ್ಟಿಗೆ ಮುಟ್ಟಿಸಿ ಬಂದ್ರಲ್ರಿ, ಮಂಗಳಾರ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತು ಎಂದೆ. ಯಾಕೆ ಹಾಗಂದೆನೋ. ನಾಚಿಕೆಯಾಯಿತು ಅವಳ ಮುಂದೆ.

ಯೂನಿಟ್ಟು ಊರಾಚೆ. ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ಸಿಮೆಂಟ್ ತೊಟ್ಟಿಗಳು. ಕೊನೆಯಲ್ಲಿ ನನ್ನ ದೋಣಿ. ಮೇಲಿನ ಡೆಕ್ ಪೂರ್ತಿ ಕೊಯ್ದು ತೆಗೆದಿದ್ದಾರೆ. ಮೂತಿಯನ್ನೂ ಕೊಯ್ದು ಚಪ್ಪಟೆ ಮಾಡಿದ್ದಾರೆ. ನಾನೇ ಬಳಿದಿದ್ದ ಹಳದಿ ಪಟ್ಟಿ ಪಕ್ಕದಲ್ಲಿ ಹಾಗೇ ಇದೆ. ಒಳಗೆ ನೀಲಿ ನೀರು, ನೀರಿನಲ್ಲಿ ನೆನೆಸಿಟ್ಟ ಜೀನ್ಸ್ ಪ್ಯಾಂಟುಗಳು. ಬಗ್ಗಿ ತಳ ಮುಟ್ಟಿ ನೋಡಿದೆ. ಬಿರುಕು ಮುಚ್ಚಿದ್ದಾನೆ ಬೋರಣ್ಣ, ಚೆನ್ನಾಗಿಯೇ ಮುಚ್ಚಿದ್ದಾನೆ. ನೀರು ಒಳಗೆ ಬರದಂತೆ ಅಲ್ಲ, ಹೊರಗೆ ಹೋಗದಂತೆ.

ಕೆಲಸದವಳೊಬ್ಬಳು "ಸರೀರಿ ಅಮ್ಮಾ" ಎಂದು ಪ್ಯಾಂಟುಗಳನ್ನು ಕೋಲಿನಿಂದ ತಿರುವಿ ಹಾಕಿದಳು. ಸರಿದೆ.

ಮೊಣಕೈವರೆಗೆ ನೀಲಿ. ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿಲ್ಲ.

ಅದೇ ದಿನ, ಸಂಜೆ 7

ಒಳಗೆ ಅಕ್ಕ, ಭಾವ ಟಿ.ವಿ. ನೋಡುತ್ತಿದ್ದರು. ಇವರನ್ನು ಮಾಳಿಗೆಗೆ ಕರೆದೆ. ಕೈ ತೋರಿಸಿದೆ. ತಕ್ಷಣ ತಿಳಿಯಿತು ಇವರಿಗೆ.

"ಕೂಗಬ್ಯಾಡ."

ನಾನು ಕೂಗಿರಲೇ ಇಲ್ಲ.

"ಊರಾಗ ಮುಖ ಎತ್ತಿ ತಿರುಗಂಗಿಲ್ಲ ನನಗ. ಟೀ ಅಂಗಡಿಯಾಗ ಕುಂತ್ರ ಆ ವಿಡಿಯೋ. ಯೂನಿಟ್ಟಾಗ ಆ ವಿಡಿಯೋ. ಹೆಂಡ್ತಿ ಪ್ಯಾಂಟ್ ಹಾಕ್ಕೊಂಡು ನೀರಾಗ ಬಿದ್ದಾಳಂತ ಟೈಲರ್‌ಗಳೆಲ್ಲ ನಗ್ತಾರ. ಎಷ್ಟು ದಿನ ತಡಕಳ್ಳಿ?"

"ನನಗೆ ಹೇಳಬಹುದಿತ್ತು."

"ಹೇಳಿದ್ರ ಕೇಳ್ತಿದ್ದೇನು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಹದಿನೈದು ದಿನ ನನ್ನನ್ನು ಊರೂರು ಅಲೆಸಿದ್ದು. ಅಷ್ಟು ಹೊತ್ತಿಗೆ ನನಗೂ ಒಂದು ಹೊಳೆಯಿತು. ಕೇಳಿಯೇಬಿಟ್ಟೆ. ಅಕ್ಕನಿಗೆ ಗೊತ್ತಿತ್ತಾ?

ಇವರು ಮಾಳಿಗೆ ಬಾಗಿಲು ಮುಚ್ಚಿ ಬಂದರು. ಆಮೇಲೆ ಹೇಳಿದರು.

"ನಾ ಒಬ್ನ ಅಲ್ಲ. ಅಕ್ಕನೂ ಅದನ್ನ ಅಂದ್ಲು. ಅದಕ್ಕ ಬಂದಾಳ ಅಕಿ. ನೀ ಅತ್ಲಾಗ ಹೋಗದಂಗ ನೋಡ್ಕಳ್ಳಾಕ. ಅಕಿ ಮುಂದ ಈ ಮಾತು ಎತ್ತಬ್ಯಾಡ ಮತ್ತ, ಬಿ.ಪಿ. ಐತಿ."

ಎಲ್ಲ ಸರಿಹೋಯಿತು. ಯಾವಾಗ ನೀರಿಗಿಳಿಸ್ತೀಯ, ಯಾವಾಗ ನೀರಿಗಿಳಿಸ್ತೀಯ... ಒಂಬತ್ತನೇ ದಿನವಂತೆ, ಅಮಾವಾಸ್ಯೆಯಂತೆ, ಸ್ವೆಟರಂತೆ. ಹದಿನೈದು ದಿನ ನನ್ನ ಅಡುಗೆಮನೆಯಲ್ಲಿ ನನ್ನ ಕೈಯಲ್ಲಿ ಮುದ್ದೆ ತೊಳಸಿಕೊಂಡು ಉಂಡು, ನನ್ನ ಕಾವಲು ಕಾದಿದ್ದಾಳೆ.

ಇವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಕೋಪ ಅವಳ ಮೇಲೆ. ಏಕೋ ಅದೇ ಸುಲಭ.

ಜ. 25, ಭಾನುವಾರ

ಬೆಳಿಗ್ಗೆ ಆರಕ್ಕೇ ಅಕ್ಕ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಅಡುಗೆಮನೆಗೆ ಬಂದರು. "ಇವತ್ತೇ ಅಲ್ವೇನೆ ನಿನ್ನ ದೋಣಿ?"

ಮುಖ ನೋಡಿದೆ. ಇಷ್ಟು ಕ್ರೂರವಾಗಿ ನಗಲು ಹೇಗೆ ಬರುತ್ತದೆ ಒಬ್ಬ ಹೆಂಗಸಿಗೆ?

ಇವರು ನಡುವೆ ಬಂದು, "ಇವತ್ತಿಲ್ಲಕ್ಕ, ಸ್ವಲ್ಪ ಲೇಟಾಗ್ತೈತಿ" ಎಂದು ಕರೆದುಕೊಂಡು ಹೋದರು.

ಇಡೀ ದಿನ ಗಾಳಿ ಚೆನ್ನಾಗಿ ಬೀಸಿತು.

ಜ. 26, ಸೋಮವಾರ

ಧ್ವಜಾರೋಹಣ. ಮಕ್ಕಳಿಗೆ ಮಾರ್ಚ್‌ಪಾಸ್ಟ್ ಮಾಡಿಸಿದೆ, ಬೂಂದಿ ಹಂಚಿದೆ. ಹನ್ನೊಂದಕ್ಕೆ ಗೇಟ್ ಎತ್ತಿದರಂತೆ. ಸ್ಟಾಫ್ ರೂಮಿನಲ್ಲಿ ಯಾರೋ ವಿಡಿಯೋ ತೋರಿಸಿದರು, ಕಾಲುವೆಯಲ್ಲಿ ಕೆಂಪು ನೀರು ಹೋಗುತ್ತಿತ್ತು.

ಅಕ್ಕ: "ಬುಧವಾರ ಹೊರಡಾನ ಅಂತಾರೆ ಇವ್ರು. ನಾಳೆ ಮಂಗಳವಾರವಲ್ಲ."

ಹೌದು, ನಾಳೆ ಮಂಗಳವಾರ.

ಜ. 27, ಮಂಗಳವಾರ, ಬೆಳಿಗ್ಗೆ 11.40. ಮಡಕಶಿರಾ, ಕಾರಿನಲ್ಲಿ

ನಡೆದದ್ದು ನಡೆದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಏಳೂವರೆ. ಅಕ್ಕ ಸ್ನಾನಕ್ಕೆ ಹೋಗಿದ್ದರು. ಅವರ ಎರಡು ಬ್ಯಾಗು ನಾನೇ ತುಂಬಿ ಡಿಕ್ಕಿಗೆ ಹಾಕಿದೆ. ಒಣಗಿರದ ಬಟ್ಟೆಯನ್ನೂ ಹಾಗೇ ತುರುಕಿದೆ. ಒಳಗೆ ಭಾವ ಮಂಡಕ್ಕಿ ಉಗ್ಗಾಣಿ ತಿನ್ನುತ್ತಿದ್ದರು, ಇನ್ನೊಂದು ಮಿರ್ಚಿಗೆ ಕೈ ಚಾಚಿದ್ದರು.

"ಏಳಿ ಭಾವ. ಹದಿನೆಂಟು ದಿನ ಉಂಡಿದ್ದು ಸಾಕು. ಹೊರಡಿ."

ಬಾಯಲ್ಲಿದ್ದದ್ದನ್ನು ಅಗಿಯದೆ ನನ್ನನ್ನೇ ನೋಡಿದರು. ನಾನು ಹಾಸ್ಯ ಮಾಡುತ್ತಿದ್ದೇನೆ ಎಂದು ಮೊದಲು ನಕ್ಕರು. ಆಮೇಲೆ ತಿಳಿಯಿತು. ಬಾಯಲ್ಲಿದ್ದದ್ದನ್ನು ಹೇಗೋ ನುಂಗಿ, ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಉಣ್ಣುವವರನ್ನು ತಟ್ಟೆಯಿಂದ ಎಬ್ಬಿಸಿದೆ ನಾನು. ನಮ್ಮಮ್ಮ ಬಾಗಿಲಿಗೆ ಬಂದ ನಾಯಿಯನ್ನೂ ತಿನ್ನುವಾಗ ಓಡಿಸುತ್ತಿರಲಿಲ್ಲ.

ಅಕ್ಕ ಒದ್ದೆ ತಲೆಯಲ್ಲಿ ಬಂದು ನಿಂತರು.

"ಇವತ್ತು ಮಂಗಳವಾರ ಕಣೆ."

"ಗೊತ್ತು."

"ಉಡಿನಾದ್ರೂ..."

"ನಿಮ್ಮ ಉಡಿ ತುಂಬಲು ನನ್ನ ಮನೆಯಲ್ಲಿ ಏನೂ ಉಳಿದಿಲ್ಲ. ಕಾರು ಹತ್ತಿ."

ಇವರು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದರು. ಎಲ್ಲ ನೋಡಿದರು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕ "ಕಲ್ಲೇಶಾ" ಎಂದು ಎರಡು ಸಲ ಕೂಗಿದರು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು.

ಕಲ್ಯಾಣದುರ್ಗದ ತನಕ ಭಾವ ಗ್ಲಾಸ್ ಇಳಿಸಲಿಲ್ಲ, ಎಲೆಅಡಿಕೆ ಹಾಕಲಿಲ್ಲ. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಬರೆಯಲಿ? ಕನ್ನಡಿಯಲ್ಲಿ ಅಕ್ಕ ಅಳುವುದನ್ನು ನೋಡಿಕೊಂಡೇ ಓಡಿಸಿದೆ. ಹಳ್ಳ ಬಂದರೆ ತಪ್ಪಿಸಲಿಲ್ಲ.

ಅಮರಾಪುರ ದಾಟಿದ ಮೇಲೆ ಅಕ್ಕ ಬಾಯಿ ಬಿಟ್ಟರು. ಧ್ವನಿ ಬಿದ್ದು ಹೋಗಿತ್ತು.

"ಕಳಿಸಿದ್ದಾಯ್ತಲ್ಲ ಬಿಡು. ನಂಗೆ ತವರು ಇವತ್ತಿಗೆ ಮುಗೀತು. ಒಂದೇ ಒಂದು ಹೇಳು. ದೋಣಿ ಯಾಕೆ ಇಳಿಸ್ಲಿಲ್ಲ?"

ನನಗೆ ಮೈಯೆಲ್ಲ ಉರಿಯಿತು. "ನಿಮಗೆ ಗೊತ್ತಿಲ್ಲವಾ?"

"ನಂಗೇನೇ ಗೊತ್ತು? ಕಲ್ಲೇಶ ಫೋನ್ ಮಾಡಿದ್ದ. ಶಿವಲೀಲಾಗೆ ತವರಲ್ಲಿ ಯಾರೂ ಉಳಿದಿಲ್ಲ, ಮಕ್ಕಳೂ ಇಲ್ಲ, ನೀರಿಗಿಳಿಸೋ ದಿನ ನೀನಾದ್ರೂ ಇರಕ್ಕ, ಅದು ಇಳಿಯೋ ತನಕ ಹೋಗಬೇಡ ಅಂದ. ಅದ್ಕೇ ಕುಂತ್ವಿ. ಹುಣಸೆ ಸುಗ್ಗಿ ಬಿಟ್ಟು ಬಂದವ್ರೆ ಇವ್ರು. ದಿನಾ ಹೋಗಾನ ಹೋಗಾನ ಅಂತಿದ್ರು, ನಾನೇ ತಡೀತಿದ್ದೆ. ನೀನು ಬಿದ್ದು ಮತ್ತೆ ಹತ್ತಿದ್ದು ನೋಡಿ ನಂಗೆ ಎಂಗಾಗಿತ್ತು ಗೊತ್ತೇನೆ? ನಮ್ಮ ಮನೇಲಿ ಒಬ್ಬಳಾದ್ರೂ... ಹೋಗ್ಲಿ ಬಿಡು. ಉಂಡಿದ್ದು ಸಾಕು ಅಂದೆಯಲ್ಲ, ಅವ್ರ ತಟ್ಟೆ ಮುಂದೆ."

ಭಾವ, "ಸುಮ್ಕಿರೇ, ಗಾಡಿ ಓಡಿಸ್ತಾ ಐತೆ ಆಯಮ್ಮ" ಎಂದರು.

ಹೇಳಬೇಕಿತ್ತು. ದೋಣಿ ಕೊಯ್ದದ್ದು, ತೊಟ್ಟಿ ಮಾಡಿದ್ದು, ಇವರು ನಿಮ್ಮ ಹೆಸರು ಹೇಳಿದ್ದು. ಬಾಯಿ ಬರಲಿಲ್ಲ. ಇಪ್ಪತ್ತು ಕಿಲೋಮೀಟರ್ ಬಾಯಿ ಬರಲಿಲ್ಲ. ಮನೆ ಮುಂದೆ ನಿಲ್ಲಿಸಿದೆ. ಭಾವ ಬ್ಯಾಗುಗಳನ್ನು ಒಬ್ಬರೇ ಇಳಿಸಿಕೊಂಡರು, ಮುಟ್ಟಲು ಬಿಡಲಿಲ್ಲ. ಅಕ್ಕ ಬೀಗ ತೆಗೆದರು. ಇಳಿದು ಹಿಂದೆ ಹೋದೆ. "ಅಕ್ಕ" ಎಂದೆ. ಹೊಸ್ತಿಲ ಮೇಲೆ ನಿಂತು ತಿರುಗಿದರು.

"ಒಳಗೆ ಬಾ ಅನ್ನಲ್ಲ ಕಣೆ. ಮಂಗಳವಾರ."

ಬಾಗಿಲು ಹಾಕಿಕೊಂಡರು. ಒಳಗಿನ ಚಿಲಕದ ಸದ್ದು ಕೇಳಿತು. ಎರಡು ಸಲ ತಟ್ಟಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ವಾಪಸ್ ಬಂದು ಕಾರಿನಲ್ಲಿ ಕೂತಿದ್ದೇನೆ. ಒಂದು ಗಂಟೆಯಾಯಿತು. ಕಿಟಕಿಯ ಪರದೆ ಒಮ್ಮೆ ಸರಿಯಿತು, ಮತ್ತೆ ಮುಚ್ಚಿತು.

ಫೋನ್. ಇವರದೇ. ಎತ್ತಿದೆ.

"ಮುಟ್ಟಿದ್ರೇನು?"

ಹೂಂ.

"ದಾರ್ಯಾಗ ಅಕ್ಕ ಏನರ ಅಂದ್ಲೇನು?"

ಎಷ್ಟು ಮೆತ್ತಗೆ ಕೇಳುತ್ತಾರೆ. ಹಿಂದೆ ವಾಷಿಂಗ್ ಮಷಿನ್‌ಗಳ ಸದ್ದು. ನನ್ನ ದೋಣಿಯ ಪಕ್ಕದಲ್ಲೇ ನಿಂತಿರಬೇಕು. ಫೋನ್ ಸೀಟಿನ ಮೇಲೆ ಇಟ್ಟಿದ್ದೇನೆ, ಕಟ್ ಮಾಡಿಲ್ಲ. "ಹಲೋ, ಹಲೋ, ಏನಂದ್ಲು, ಹೇಳು" ಎನ್ನುತ್ತಲೇ ಇದ್ದಾರೆ. ಹೇಳುತ್ತೇನೆ. ಎತ್ತಿಕೊಂಡು ಹೇಳುತ್ತೇನೆ, ಅಕ್ಕ ನಿಜ ಹೇಳಿದರು ಎಂದು.